ಗಾಳಿ ಒಪ್ಪಿದರೆ ಇಪ್ಪತ್ತೆಂಟು ಗಂಟೆ

ಮೊದಲು ನಿಮ್ಮನ್ನು ತೂಗುತ್ತಾರೆ, ಪೆಟ್ಟಿಗೆಯನ್ನು ಆಮೇಲೆ. ಓವರ್‌ಕೋಟು, ಬೂಟು, ಜೇಬಿನ ಚಿಲ್ಲರೆ ಎಲ್ಲದರ ಸಮೇತ ತಕ್ಕಡಿಯ ಹಲಗೆಯ ಮೇಲೆ ನಿಲ್ಲಿಸುತ್ತಾರೆ. ಒಬ್ಬ ಟಾರ್ಚು ಬಿಟ್ಟು ಮುಳ್ಳು ನೋಡುತ್ತಾನೆ, ಇನ್ನೊಬ್ಬ ಬರೆದುಕೊಳ್ಳುತ್ತಾನೆ. ಆಮೇಲೆ ನಿಮ್ಮ ಪೆಟ್ಟಿಗೆ ತೆರೆದು ಎರಡನೇ ಜೊತೆ ಬೂಟನ್ನು ಪಕ್ಕಕ್ಕಿಡುತ್ತಾನೆ. 'ಇದು ಹಡಗಿನಲ್ಲಿ ಬರುತ್ತೆ ಸಾರ್.' ಯಾವಾಗ ಎಂದು ನೀವು ಕೇಳುವುದಿಲ್ಲ. ಯುದ್ಧಕಾಲದಲ್ಲಿ ಹಡಗಿನ ದಿನ ಕೇಳುವುದು ಮರ್ಯಾದೆಯಲ್ಲ.

1943ರ ಆಗಸ್ಟ್. ಆಸ್ಟ್ರೇಲಿಯಾದ ಪಶ್ಚಿಮ ಅಂಚಿನ ಪರ್ತ್ ನಗರ, ಸ್ವಾನ್ ನದಿಯ ನೆಡ್‌ಲ್ಯಾಂಡ್ಸ್ ದಡ. ಇಲ್ಲಿ ಈಗ ಚಳಿಗಾಲ. ಬೆಳಕು ಹರಿಯಲು ಇನ್ನೂ ಹೊತ್ತಿದೆ. ಮೂಗಿಗೆ ಹೊಳೆಯ ಕೆಸರಿನ ವಾಸನೆ, ಒದ್ದೆ ಹಗ್ಗದ ವಾಸನೆ, ಎಲ್ಲದರ ಮೇಲೆ ಪೆಟ್ರೋಲಿನ ವಾಸನೆ. ಎಲ್ಲೋ ಹತ್ತಿರದಲ್ಲಿ ಹಂಸಗಳು ನೀರು ಬಡಿಯುವ ಸದ್ದು. ಈ ಊರಿನ ಹಂಸಗಳು ಕಪ್ಪು. ಕತ್ತಲಲ್ಲಿ ಅವು ಕಾಣುವುದಿಲ್ಲ, ಕೇಳುತ್ತವೆ ಅಷ್ಟೆ. ದಡದಿಂದ ಸ್ವಲ್ಪ ದೂರದಲ್ಲಿ ನೀರಿನ ಮೇಲೆ ಕೂತಿರುವುದು ನಿಮ್ಮ ವಿಮಾನ: ಎರಡು ಎಂಜಿನ್ನಿನ ಕ್ಯಾಟಲೀನಾ ಹಾರುದೋಣಿ, ಹೆಸರು 'ಆಲ್ಟೇರ್ ಸ್ಟಾರ್'. ಹೊಟ್ಟೆ ದೋಣಿಯದು. ರೆಕ್ಕೆ ಮಾತ್ರ ಬೆನ್ನಿಗಿಂತ ಮೇಲೆ, ಒಂದು ಕುತ್ತಿಗೆಯ ಮೇಲೆ ಎತ್ತಿ ಕಟ್ಟಿದ್ದು. ಬಂದೂಕು ಕಿತ್ತಿದ್ದಾರೆ. ಗುಂಡು ತಡೆಯುವ ತಗಡನ್ನೂ ಕಿತ್ತಿದ್ದಾರೆ. ಅದಕ್ಕೆಲ್ಲ ತೂಕವಿದೆ, ಇಲ್ಲಿ ತೂಕವೆಂದರೆ ಪೆಟ್ರೋಲ್.

ಎಲ್ಲಿಗೆ ಹೋಗುತ್ತಿದ್ದೀರಿ ಎಂಬುದನ್ನು ನಿಮಗೆ ನಿನ್ನೆ ಸಂಜೆಯಷ್ಟೇ ಹೇಳಿದ್ದಾರೆ. ಸಿಲೋನಿನ ದಕ್ಷಿಣ ತುದಿಯಲ್ಲಿ, ಗಾಲೆಯ ಹತ್ತಿರ, ಕೊಗ್ಗಲ ಎಂಬ ಹಿನ್ನೀರು. ನಡುವೆ ಹಿಂದೂ ಮಹಾಸಾಗರ, ಸುಮಾರು 5,650 ಕಿಲೋಮೀಟರ್. ಎಲ್ಲಿಯೂ ಇಳಿಯುವ ಹಾಗಿಲ್ಲ. ಹಿಂದಿನ ವರ್ಷ ಫೆಬ್ರವರಿಯಲ್ಲಿ ಸಿಂಗಪುರ ಜಪಾನಿನ ಕೈಗೆ ಹೋದಂದಿನಿಂದ ಆಸ್ಟ್ರೇಲಿಯಾದಿಂದ ಇಂಗ್ಲೆಂಡಿಗೆ ಹೋಗುವ ಆಕಾಶದ ಹಾದಿ ಕತ್ತರಿಸಿ ಬಿದ್ದಿತ್ತು. ಕ್ವಾಂಟಸ್ ಕಂಪನಿಯ ಹಡ್ಸನ್ ಫಿಶ್ ಹಟ ಹಿಡಿದು, ಬ್ರಿಟಿಷ್ ಸರ್ಕಾರದಿಂದ ವಿಮಾನ ಕೊಡಿಸಿಕೊಂಡು, ಇತ್ತೀಚೆಗಷ್ಟೇ ಈ ಹೊಸ ಹಾದಿ ಶುರುವಾಗಿದೆ. ಅದು ಗುಟ್ಟು. ಹೆಂಡತಿಗೆ ಬರೆದ ಕಾಗದದಲ್ಲಿ ನೀವು 'ಪ್ರಯಾಣದಲ್ಲಿದ್ದೇನೆ' ಎಂದಷ್ಟೇ ಬರೆದಿದ್ದೀರಿ.

(ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ನಾನು ನಿಮ್ಮನ್ನು ಕೂರಿಸುತ್ತಿರುವ ಹಾರಾಟ ಯಾವುದೋ ಒಂದು ಗೊತ್ತಾದ ದಿನದ್ದಲ್ಲ. ಈ ಹಾದಿಯಲ್ಲಿ ನಡೆದ 271 ದಾಟುಗಳಲ್ಲಿ ಆ ತಿಂಗಳ ಯಾವುದೋ ಒಂದು ಆಗಬಹುದು. ಗಾಳಿ, ನಕ್ಷತ್ರ, ಪೆಟ್ರೋಲಿನ ಲೆಕ್ಕ ಮಾತ್ರ ನನ್ನ ಕಲ್ಪನೆಯದಲ್ಲ.)

ಎಷ್ಟು ಹೊತ್ತಿನ ಪ್ರಯಾಣ ಎಂದು ನ್ಯಾವಿಗೇಟರನ್ನು ಕೇಳುತ್ತೀರಿ. ತೆಳ್ಳಗಿನ ಹುಡುಗ, ಬೆರಳಿಗೆ ಪೆನ್ಸಿಲ್ಲಿನ ಮಸಿ. 'ದೂರ ಹೇಳಬಲ್ಲೆ ಸಾರ್, ಹೊತ್ತು ಹೇಳಲಾರೆ,' ಅನ್ನುತ್ತಾನೆ. 'ಗಾಳಿ ಒಪ್ಪಿದರೆ ಇಪ್ಪತ್ತೆಂಟು ಗಂಟೆ. ಒಪ್ಪದಿದ್ದರೆ ಮೂವತ್ತು, ಮೂವತ್ತೆರಡು.' ಟ್ಯಾಂಕಿನಲ್ಲಿರುವ ಪೆಟ್ರೋಲ್ ಮೂವತ್ತಾರು ಗಂಟೆಗೆ ಸಾಕಂತೆ. ನೀವು ಮನಸ್ಸಿನಲ್ಲೇ ಕಳೆದು ನೋಡುತ್ತೀರಿ. ಉಳಿಯುವುದು ನಾಲ್ಕೋ ಎಂಟೋ ಗಂಟೆ. ಈ ಕಳೆಯುವ ಲೆಕ್ಕ ಇನ್ನು ದಿನವಿಡೀ ನಿಮ್ಮನ್ನು ಬಿಡುವುದಿಲ್ಲ.

ಒಳಗೆ ಬಗ್ಗಿಯೇ ನಡೆಯಬೇಕು. ಬಾಗಿಲಿನಷ್ಟು ಎತ್ತರಕ್ಕೆ ಟ್ಯಾಂಕುಗಳು, ಮೂಲ ನಕ್ಷೆಯಲ್ಲಿಲ್ಲದವು, ಈ ಹಾದಿಗೆಂದೇ ತಂದು ಕೂರಿಸಿದವು. ಒಟ್ಟು ಸುಮಾರು 9,000 ಲೀಟರ್. ಅದಕ್ಕೆ ಎದುರಾಗಿ ಅಂಚೆಗೆ ಬಿಟ್ಟ ಜಾಗ 69 ಕಿಲೋ, ಪ್ರಯಾಣಿಕರಿಗೆ ಮೂರು ಸೀಟು. ನೀವು ಮೂವರು, ಸಿಬ್ಬಂದಿ ಐವರು. ಸಿಗರೇಟಿನ ಡಬ್ಬಿಯನ್ನು ನೀವೇ ಜೇಬಿನ ತಳಕ್ಕೆ ನೂಕುತ್ತೀರಿ. ಯಾರೂ ಹೇಳಬೇಕಾಗಿಲ್ಲ.

ಎಂಜಿನ್ ಹೊತ್ತಿಕೊಳ್ಳುತ್ತದೆ. ಒಂದು. ಇನ್ನೊಂದು. ತಲೆಯ ನೇರ ಮೇಲೆಯೇ ಎರಡೂ. ಹಿಟ್ಟಿನ ಗಿರಣಿಯ ಒಳಗೆ ಕಿವಿಯೊಡ್ಡಿ ಕೂತ ಹಾಗೆ, ಸದ್ದು ಕೇಳುವುದು ಕಿವಿಗಲ್ಲ, ಹಲ್ಲಿಗೆ.

ಮೆಲ್ವಿಲ್ ವಾಟರ್ ಎಂಬಲ್ಲಿ ನದಿ ಅಗಲವಾಗಿ ಹರಡಿಕೊಳ್ಳುತ್ತದೆ. ಅಲ್ಲಿ ಕ್ಯಾಪ್ಟನ್ ಮೂತಿಯನ್ನು ಗಾಳಿಗೆ ತಿರುಗಿಸುತ್ತಾನೆ. ವಿಮಾನದ ಈಗಿನ ತೂಕ ಸುಮಾರು 16 ಟನ್, ಅದನ್ನು ಮಾಡಿದವರು ಒಪ್ಪಿದ್ದಕ್ಕಿಂತ ಬಹಳ ಹೆಚ್ಚು. ಥ್ರಾಟಲ್ ಮುಂದೆ ಹೋಗುತ್ತದೆ. ಕಿಟಕಿಗೆ ನೀರು ಎರಚುತ್ತದೆ, ಹೊರಗೆ ಏನೂ ಇಲ್ಲ, ಬರೀ ಬಿಳಿ. ದೋಣಿ ನೀರನ್ನು ಉಳುತ್ತಿದೆ, ಏಳುತ್ತಿಲ್ಲ. ನಿಮ್ಮ ಬೆನ್ನಿಗೆ ಸೀಟಿನ ಕಬ್ಬಿಣದ ಸರಳು ಒತ್ತುತ್ತಿದೆ. ಅರ್ಧ ನಿಮಿಷ. ತಳ ಬಡಿಯಲು ಶುರುವಾಗುತ್ತದೆ, ಮೊದಲು ಮೆತ್ತಗೆ, ಆಮೇಲೆ ಗಟ್ಟಿ, ಆಮೇಲೆ ಕಲ್ಲಿನ ಮೇಲೆ ಓಡಿದಷ್ಟು ಗಟ್ಟಿ. ಮುಕ್ಕಾಲು ನಿಮಿಷ. ನದಿ ಎಲ್ಲಿಯವರೆಗಿದೆ? ನೀವು ಹಗಲಿನಲ್ಲಿ ನೋಡಿದ್ದಿರಿ, ಆಚೆ ದಡದಲ್ಲಿ ಮನೆಗಳಿದ್ದವು. ಒಂದು ನಿಮಿಷ ಕಳೆಯಿತು. ಇನ್ನೂ ಬಡಿತ. ಇನ್ನೂ. ನಿಮ್ಮ ಕೈ ಪಕ್ಕದವನ ತೋಳನ್ನು ಹಿಡಿದಿದೆ, ಅವನೂ ಬಿಡಿಸಿಕೊಳ್ಳುತ್ತಿಲ್ಲ. ಬಡಿತ ನಿಲ್ಲುತ್ತದೆ.

ಹಾರಿದೆ. ಆದರೆ ಎಷ್ಟು ಮೇಲೆ ಎಂದು ಕೇಳಬೇಡಿ.

ಫ್ರೀಮ್ಯಾಂಟಲ್ ಬಂದರಿನ ಕ್ರೇನುಗಳು ಪಕ್ಕದಲ್ಲೇ ಹಾದುಹೋಗುತ್ತವೆ. ರಾಟ್ನೆಸ್ಟ್ ದ್ವೀಪ ಹಿಂದಾಗುತ್ತದೆ. ಆಮೇಲೆ ನೆಲವೆಂಬುದಿಲ್ಲ. ಬಲಗಡೆ ಹಿಂಬದಿಯಿಂದ ಸೂರ್ಯ ಬಂದು ಒಳಗಿನ ಟ್ಯಾಂಕುಗಳ ಮೈಗೆ ಕೆಂಪು ಹಚ್ಚುತ್ತಾನೆ. ಇದು ಮೊದಲನೆಯದು. ಈ ಪ್ರಯಾಣಕ್ಕೆ 'ಡಬಲ್ ಸನ್‌ರೈಸ್' ಎಂಬ ಹೆಸರು ಅಂಟಿಕೊಳ್ಳುವುದೇ ಈ ಕಾರಣಕ್ಕೆ: ಒಂದೇ ಹಾರಾಟದಲ್ಲಿ ಸೂರ್ಯ ಎರಡು ಸಲ ಹುಟ್ಟುತ್ತಾನೆ. ಹೆಸರು ಕವಿತೆಗೆ ಒಪ್ಪುತ್ತದೆ. ಕಾರಣ ಕವಿತೆಯಲ್ಲ. ಹಾದಿಯ ಉತ್ತರಾರ್ಧದಲ್ಲಿ ಬಲಗಡೆಗೆ ಸುಮಾತ್ರಾ, ಅದರಾಚೆ ಅಂಡಮಾನ್, ಎರಡೂ ಜಪಾನಿನ ಕೈಯಲ್ಲಿವೆ. ಗಂಟೆಗೆ 200 ಕಿಲೋಮೀಟರ್ ಹೋಗುವ, ಬಂದೂಕಿಲ್ಲದ ವಿಮಾನ ಆ ಭಾಗವನ್ನು ಹಗಲಲ್ಲಿ ದಾಟುವ ಹಾಗಿಲ್ಲ. ಆದ್ದರಿಂದ ರಾತ್ರಿಯನ್ನು ನಡುವೆ ಇಟ್ಟು, ಅದರ ಎರಡೂ ಬದಿಗೆ ಒಂದೊಂದು ಬೆಳಗು ಉಳಿಯುವಂತೆ ಹೊರಡುತ್ತಾರೆ.

ಮೊದಲ ಗಂಟೆಗಳ ಭಯಕ್ಕೆ ಮಾತ್ರ ಜಪಾನು ಬೇಕಿಲ್ಲ, ತೂಕ ಸಾಕು. ಇಷ್ಟು ಭಾರದಲ್ಲಿ ಒಂದು ಎಂಜಿನ್ ನಿಂತರೆ ಇನ್ನೊಂದು ಈ ವಿಮಾನವನ್ನು ಹಿಡಿದು ನಿಲ್ಲಿಸಲಾರದು. ಗಂಟೆಗೆ ಸುಮಾರು 250 ಲೀಟರ್ ಸುಡುತ್ತದೆ, ಅಂದರೆ ಗಂಟೆಗೊಮ್ಮೆ ನಿಮ್ಮಂಥ ಇಬ್ಬರ ತೂಕ ಕರಗುತ್ತದೆ. ಮಧ್ಯಾಹ್ನದ ಹೊತ್ತಿಗೆ ಸ್ವಲ್ಪ ಉಸಿರಾಡಬಹುದು, ಸಂಜೆಗೆ ಇನ್ನೂ ಸ್ವಲ್ಪ. ಎಂಜಿನಿಯರ್ ಕೂರುವುದು ರೆಕ್ಕೆಯ ಕೆಳಗಿನ ಆ ಕುತ್ತಿಗೆಯೊಳಗೆ. ಕೆಳಗಿನಿಂದ ಅವನ ಬೂಟು ಮಾತ್ರ ನಿಮಗೆ ಕಾಣುತ್ತದೆ. ನೀವು ಆ ಬೂಟುಗಳನ್ನು ನೋಡುತ್ತಾ ಕೂರಲು ಕಲಿಯುತ್ತೀರಿ. ಅವು ಅಲ್ಲಾಡದಿದ್ದರೆ ಎಲ್ಲ ಸರಿ.

ಆರನೇ ಗಂಟೆಯೋ ಏಳನೆಯದೋ. ಬೂಟು ಅಲ್ಲಾಡುತ್ತದೆ.

ಅದೇ ಕ್ಷಣ ಎಡ ಎಂಜಿನ್ ಕೆಮ್ಮುತ್ತದೆ. ಒಂದು ಸಲ. ಸದ್ದಿನಲ್ಲೊಂದು ತೂತು. ಮತ್ತೆ ಕೆಮ್ಮು. ವಿಮಾನದ ಮೂತಿ ಎಡಕ್ಕೆ ಎಳೆಯುತ್ತದೆ, ಹೊಟ್ಟೆ ಒಳಕ್ಕೆ ಬೀಳುತ್ತದೆ, ಕಿಟಕಿಯಲ್ಲಿ ಸಮುದ್ರ ಒಮ್ಮೆಲೇ ದೊಡ್ಡದಾಗುತ್ತದೆ. ಅಲೆಯ ಮೇಲಿನ ನೊರೆಯೂ ಕಾಣುತ್ತಿದೆ. ಕ್ಯಾಪ್ಟನ್ ಮುಂದೆ ಇರುವುದು ಎರಡೇ ದಾರಿ. ಪೆಟ್ರೋಲನ್ನು ಸಮುದ್ರಕ್ಕೆ ಸುರಿಯಬಹುದು. ಸುರಿದರೆ ಹಗುರವಾಗಿ ತೇಲಬಹುದು, ಆದರೆ ಸಿಲೋನ್ ಇಲ್ಲ, ಒಂದೇ ಎಂಜಿನ್ನಿನಲ್ಲಿ ತೆವಳುತ್ತಾ ಪರ್ತ್‌ಗೆ ವಾಪಸು. ಸುರಿಯದಿದ್ದರೆ ಎಂಜಿನ್ ಮತ್ತೆ ಹಿಡಿಯುತ್ತದೆ ಎಂದು ನಂಬಬೇಕು. ಹಿಡಿಯದಿದ್ದರೆ ನೀರು. ಯೋಚಿಸಲು ಎಷ್ಟು ಹೊತ್ತಿದೆ? ನೀವು ಎಣಿಸುತ್ತಿಲ್ಲ. ಬಾಯಲ್ಲಿ ತಾಮ್ರದ ರುಚಿ. ಕೆಮ್ಮು. ಕೆಮ್ಮು. ಹಿಡಿಯಿತು.

ಬೂಟುಗಳು ಇಳಿದು ಮನುಷ್ಯನಾಗುತ್ತವೆ. ಎಂಜಿನಿಯರ್ ನಿಮ್ಮ ಮುಖ ನೋಡಿ ಕಿವಿಯ ಹತ್ತಿರ ಬಂದು ಕೂಗುತ್ತಾನೆ: 'ಏನೂ ಇಲ್ಲ ಸಾರ್! ಒಂದು ಟ್ಯಾಂಕು ಖಾಲಿ ಆಯ್ತು. ಕೊನೇ ಹನಿ ತನಕ ಹೀರಿಸಿ ಆಮೇಲೆ ಬದಲಾಯಿಸೋದು. ತಳದಲ್ಲಿ ಬಿಟ್ಟರೆ ಅದು ಸುಮ್ಮನೆ ಹೊತ್ತುಕೊಂಡು ಹೋದ ಭಾರ!' ಹಾಗಾದರೆ ಇನ್ನೂ ಎಷ್ಟು ಟ್ಯಾಂಕಿದೆ ಎಂದು ಕೇಳಬೇಕೆನಿಸುತ್ತದೆ. ಕೇಳುವುದಿಲ್ಲ.

ಹಗಲು ಹೀಗೆ ಹೋಗುತ್ತದೆ. ಪ್ರಯಾಣದ ಬೇಸರದ ಬಗ್ಗೆ ಬರೆಯುವವರು ಕಡಿಮೆ, ಆದರೆ ಬೇಸರವೇ ಹೆಚ್ಚು ಹೊತ್ತು ಇರುವುದು. ಮೊಣಕಾಲು ಮರಗಟ್ಟುತ್ತದೆ. ಥರ್ಮಾಸಿನ ಚಹಾಕ್ಕೂ ಪೆಟ್ರೋಲಿನ ರುಚಿ. ಹಿಂಬದಿಯಲ್ಲಿ ದೇಹಬಾಧೆಗೆ ಒಂದು ಏರ್ಪಾಡಿದೆ, ಅದರ ಬಗ್ಗೆ ಹೆಚ್ಚು ಹೇಳದಿರುವುದೇ ಲೇಸು. ನೀವು ಅಂಚೆಚೀಲಕ್ಕೆ ತಲೆಯಿಟ್ಟು ಮಲಗುತ್ತೀರಿ, ನಿದ್ದೆಯಲ್ಲೂ ಸದ್ದು ನಿಲ್ಲುವುದಿಲ್ಲ. ಚಳಿ ಬಿಡುತ್ತದೆ, ಓವರ್‌ಕೋಟಿನ ಗುಂಡಿ ಒಂದೊಂದಾಗಿ ಬಿಚ್ಚುತ್ತದೆ. ಹೊಟ್ಟೆಯ ಎರಡೂ ಬದಿಗೆ ಉಬ್ಬಿದ ಗಾಜಿನ ಗೂಡುಗಳಿವೆ, ಹಿಂದೆ ಬಂದೂಕಿದ್ದ ಜಾಗ. ಅಲ್ಲಿ ಕೂತು ಕೆಳಗೆ ನೋಡಿದರೆ ನೀಲಿ. ಒಂದು ಗಂಟೆ ಬಿಟ್ಟು ನೋಡಿದರೂ ಅದೇ ನೀಲಿ. 5,650 ಕಿಲೋಮೀಟರಿನಲ್ಲಿ ಎಷ್ಟು ಬಂದಿದ್ದೀರಿ ಎಂದು ಹೇಳುವಂಥದ್ದು ಹೊರಗೆ ಏನೂ ಇಲ್ಲ. ಒಂದು ಮೈಲುಗಲ್ಲಿಲ್ಲ, ಒಂದು ಮರವಿಲ್ಲ.

ಇದೇ ಜಾತಿಯ ಹಾರುದೋಣಿಗಳು ಈ ಯುದ್ಧದಲ್ಲಿ ಬೆಂಗಳೂರಿಗೂ ಬರುತ್ತವೆ. ಸಮುದ್ರವಿಲ್ಲದ ಊರಿಗೆ. ಬೆಳ್ಳಂದೂರು ಕೆರೆಯ ಮೇಲೆ ಇಳಿದು, ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯಲ್ಲಿ ರಿಪೇರಿ ಮಾಡಿಸಿಕೊಂಡು ಹೋಗುತ್ತವೆ. ಅದೇ ಊರಿಗೆ 2021ರ ಜನವರಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಿಂದ ಎಲ್ಲೂ ಇಳಿಯದ ವಿಮಾನ ಶುರುವಾಗುತ್ತದೆ: ಸುಮಾರು 14,000 ಕಿಲೋಮೀಟರ್, ಸುಮಾರು ಹದಿನೇಳು ಗಂಟೆ. ನಿಮ್ಮ ಮೊಮ್ಮಗಳು ಅದರಲ್ಲಿ ಕೂತು ಎರಡು ಸಿನಿಮಾ ನೋಡಿ, ಕಾಲು ನೋವೆಂದು ದೂರುತ್ತಾಳೆ. ದೂರಲಿ. ನೀವು ಈಗ ಹೋಗುತ್ತಿರುವುದು ಅವಳ ದೂರದ ಅರ್ಧಕ್ಕಿಂತ ಕಡಿಮೆ, ಅವಳಿಗಿಂತ ಹನ್ನೊಂದು ಗಂಟೆ ಹೆಚ್ಚು. ದೂರ ಹೆಚ್ಚಾದರೆ ಹೊತ್ತೂ ಹೆಚ್ಚು ಎಂಬ ಸಾದಾ ನಂಬಿಕೆ ಆಕಾಶದಲ್ಲಿ ನಿಲ್ಲುವುದಿಲ್ಲ. ಕ್ಯಾಟಲೀನಾದ ಇಡೀ ವೇಗವೇ 200. ಎದುರು ಗಾಳಿ 40 ಇದ್ದರೆ ಐದರಲ್ಲೊಂದು ಪಾಲು ಹೋಯಿತು. ಜೆಟ್ ವಿಮಾನಕ್ಕೆ ಅದೇ 40 ಲೆಕ್ಕಕ್ಕಿಲ್ಲ.

ಅದಕ್ಕೇ ನ್ಯಾವಿಗೇಟರ್ ಗಾಳಿಯನ್ನು ಬೆನ್ನಟ್ಟುತ್ತಾನೆ. ಆಗಾಗ ಹೊಗೆಯುಗುಳುವ ಡಬ್ಬಿಯೊಂದನ್ನು ನೀರಿಗೆ ಬಿಡುತ್ತಾನೆ. ಅದು ಹಿಂದೆ ಸರಿಯುವಾಗ ಎಷ್ಟು ಓರೆಯಾಗಿ ಸರಿಯಿತು ಎಂದು ಅಳೆಯುತ್ತಾನೆ. ಆ ಓರೆಯೇ ಗಾಳಿ. ಒಂದು ಡಿಗ್ರಿ ತಪ್ಪು ಕೊನೆಯವರೆಗೂ ತಿದ್ದದೆ ಉಳಿದರೆ ಆ ತುದಿಯಲ್ಲಿ ಸುಮಾರು 100 ಕಿಲೋಮೀಟರ್ ಆಗುತ್ತದೆ. ಮಧ್ಯಾಹ್ನ ಅವನ ಮುಖ ಸ್ವಲ್ಪ ಅರಳುತ್ತದೆ. ಬೆನ್ನ ಹಿಂದಿನಿಂದ ಆಗ್ನೇಯದ ವಾಣಿಜ್ಯ ಮಾರುತ ಹಿಡಿದಿದೆ. ಇದು ನಿಮಗೂ ಪರಿಚಯದ ಗಾಳಿಯೇ. ಸಮಭಾಜಕ ದಾಟಿದ ಮೇಲೆ ಬಲಕ್ಕೆ ತಿರುಗಿ ನೈಋತ್ಯದಿಂದ ಬೀಸುವಾಗ ಅದಕ್ಕೆ ಮುಂಗಾರು ಎಂದು ಹೆಸರು, ಆಗುಂಬೆಯ ಮೇಲೆ ಸುರಿಯುವುದು ಅದೇ. ಇಲ್ಲಿ ನೂಕುವ ಗಾಳಿ ಅಲ್ಲಿ ಪಕ್ಕೆಗೆ ಗುದ್ದುತ್ತದೆ. ಅದನ್ನು ನೆನಪಿಡಿ.

ಹನ್ನೆರಡನೇ ಗಂಟೆಯ ಸುಮಾರಿಗೆ ಸೂರ್ಯ ಎಡಗಡೆ ಮುಂದೆ ಮುಳುಗುತ್ತಾನೆ. ದೀಪ ಹಚ್ಚುವುದಿಲ್ಲ. ರೇಡಿಯೋದವನು ಕಿವಿಗೆ ಕಟ್ಟಿಕೊಂಡು ಕೂತಿದ್ದಾನೆ, ಹವಾಮಾನದ ಚುಟುಕು ಸುದ್ದಿ ಮೋರ್ಸ್‌ನಲ್ಲಿ ಬಂದರೆ ಕೇಳಿಸಿಕೊಳ್ಳುತ್ತಾನೆ, ತಾನು ತುಟಿ ಬಿಚ್ಚುವ ಹಾಗಿಲ್ಲ. ಒಂದು ಚುಕ್ಕೆ, ಒಂದು ಗೆರೆ ಕಳಿಸಿದರೂ ಶತ್ರುವಿಗೆ ದಿಕ್ಕು ಸಿಗುತ್ತದೆ. ನೀವು ಎಲ್ಲಿದ್ದೀರೆಂದು ಈಗ ಭೂಮಿಯ ಮೇಲೆ ಯಾರಿಗೂ ಗೊತ್ತಿಲ್ಲ. ಪರ್ತ್‌ನವರಿಗೆ ಹೊರಟದ್ದು ಗೊತ್ತು. ಕೊಗ್ಗಲದವರಿಗೆ ಬರಬೇಕಾದದ್ದು ಗೊತ್ತು.

ಹಾದಿಯ ಹೆಚ್ಚುಕಡಿಮೆ ನಟ್ಟನಡುವೆ, ಕತ್ತಲಲ್ಲಿ ಎಲ್ಲೋ ಬಲಗಡೆಗೆ, ಕೋಕೋಸ್ ದ್ವೀಪಗಳು. ಹವಳದ ದಿಬ್ಬಗಳು, ತೆಂಗು, ಒಂದು ತಂತಿ ಕಚೇರಿ. ಹಿಂದಿನ ವರ್ಷ ಮಾರ್ಚಿನಲ್ಲಿ ಜಪಾನಿ ಹಡಗೊಂದು ಅದರ ಮೇಲೆ ಗುಂಡು ಹಾರಿಸಿತ್ತು. ಕೋಕೋಸ್ ಪೂರ್ತಿ ಕೆಟ್ಟುಹೋಯಿತು ಎಂದು ಬ್ರಿಟಿಷರು ಬೇಕೆಂದೇ ಗುಪ್ತಲಿಪಿಯಿಲ್ಲದೆ ಸಂದೇಶ ಬಿಟ್ಟರು, ಶತ್ರು ಕೇಳಲಿ ಎಂದು. ಜಪಾನಿಗಳು ಕೇಳಿ ನಂಬಿದರು. ಕಚೇರಿ ಸದ್ದಿಲ್ಲದೆ ಕೆಲಸ ಮಾಡುತ್ತಲೇ ಇದೆ. ಆ ಗುಟ್ಟು ಉಳಿಯಬೇಕಾದರೆ ನಿಮಗೆ ಅಲ್ಲಿಂದ ಒಂದು ದೀಪವೂ ಕಾಣಬಾರದು. ಕಾಣುವುದಿಲ್ಲ.

ಸ್ವಲ್ಪ ಹೊತ್ತಿಗೆ ನ್ಯಾವಿಗೇಟರ್ ಒಂದು ಚೀಟಿಯನ್ನು ಮುಂದಕ್ಕೆ ಕೊಡುತ್ತಾನೆ. ಕ್ಯಾಪ್ಟನ್ ಓದಿ ತಲೆಯಾಡಿಸಿ ಅದನ್ನು ಅಂಗಿಯ ಜೇಬಿಗೆ ಹಾಕಿಕೊಳ್ಳುತ್ತಾನೆ. ಏನೆಂದು ನೀವು ಕೇಳುತ್ತೀರಿ, ಕೇಳಬಾರದಿತ್ತು. 'ಇಲ್ಲಿಯ ತನಕ ವಾಪಸು ಹೋಗಲು ಪೆಟ್ರೋಲ್ ಇತ್ತು ಸಾರ್. ಇನ್ನು ಇಲ್ಲ.' ಅದಕ್ಕೆ ಸದ್ದಿಲ್ಲ, ಅಲುಗಾಟವಿಲ್ಲ, ನೀರಿನ ಮೇಲೆ ಗೆರೆಯಿಲ್ಲ. ಎಂಜಿನ್ ಅದೇ ಲಯದಲ್ಲಿ ಓಡುತ್ತಿದೆ. ನಿಮ್ಮ ಅಂಗೈ ಮಾತ್ರ ಒದ್ದೆಯಾಗಿದೆ.

ಈಗ ನಕ್ಷತ್ರಗಳು. ದಕ್ಷಿಣದ ಆಕಾಶದಲ್ಲಿ ಧ್ರುವನಿಲ್ಲ, ಅವನು ದಿಗಂತದ ಕೆಳಗೆ. ಆದರೆ ನೆತ್ತಿಯ ಹತ್ತಿರ ಜ್ಯೇಷ್ಠಾ ಕೆಂಪಾಗಿ ಉರಿಯುತ್ತಿದೆ, ಪಶ್ಚಿಮಕ್ಕೆ ಚಿತ್ತಾ ಇಳಿಯುತ್ತಿದೆ, ಉತ್ತರಕ್ಕೆ ಅಭಿಜಿತ್, ಪೂರ್ವದಿಂದ ಶ್ರವಣ ಏರುತ್ತಿದೆ. ಈ ಹಾದಿಯ ವಿಮಾನಗಳಿಗೆ ಇವುಗಳದ್ದೇ ಹೆಸರು: ನೀವು ಕೂತಿರುವ ಆಲ್ಟೇರ್ ನಮ್ಮ ಶ್ರವಣ. ವೀಗಾ, ಆಂಟಾರೆಸ್, ಸ್ಪೈಕಾ ಉಳಿದ ಮೂರು. ಐದನೆಯದು ರೈಗೆಲ್, ಅದು ಮೂಡುವುದು ನಡುರಾತ್ರಿ ಕಳೆದ ಮೇಲೆ. ನ್ಯಾವಿಗೇಟರ್ ಗಾಜಿನ ಗೂಡಿಗೆ ತಲೆ ಹಾಕಿ ಸೆಕ್ಸ್‌ಟೆಂಟಿನಲ್ಲಿ ಅವುಗಳ ಎತ್ತರ ಹಿಡಿಯುತ್ತಾನೆ. ಒಳಗಿನವನು ಗಡಿಯಾರ ನೋಡಿ ಸೆಕೆಂಡು ಕೂಗುತ್ತಾನೆ. ಗಡಿಯಾರ ನಾಲ್ಕು ಸೆಕೆಂಡು ತಪ್ಪಿದರೆ ಭೂಮಿಯ ಮೇಲೆ ಒಂದು ನಾಟಿಕಲ್ ಮೈಲಿ ತಪ್ಪು. ಒಂದು ನಿಮಿಷ ತಪ್ಪಿದರೆ ಹದಿನೈದು. ಪೆನ್ಸಿಲಿನ ಗೆರೆಗಳು ಒಂದನ್ನೊಂದು ಕತ್ತರಿಸಿ ಸಣ್ಣ ತ್ರಿಕೋನವಾಗುತ್ತವೆ. 'ಇದರೊಳಗೆ ಎಲ್ಲೋ ಇದ್ದೀವಿ,' ಅನ್ನುತ್ತಾನೆ.

ಹತ್ತೊಂಬತ್ತನೇ ಗಂಟೆಗೆ ನಕ್ಷತ್ರಗಳು ಒಂದು ಬದಿಯಿಂದ ಆರತೊಡಗುತ್ತವೆ.

ಮುಂದೆ ಆಕಾಶ ಒಳಗಿನಿಂದ ಬೆಳಗಿ ಆರುತ್ತಿದೆ. ಮತ್ತೆ ಬೆಳಗುತ್ತದೆ. ಆ ಬೆಳಕಿನಲ್ಲಿ ಮೋಡದ ಗೋಡೆ, ತಳ ಕಾಣದು, ತಲೆ ಕಾಣದು. ಸಮಭಾಜಕದ ಹತ್ತಿರ ಇದು ಮಾಮೂಲು, ಆದರೆ ಮಾಮೂಲು ಎಂಬ ಮಾತಿನಿಂದ ಈಗ ಯಾರಿಗೂ ಸಮಾಧಾನವಿಲ್ಲ. ಸುತ್ತಿ ಹೋಗಬಹುದು. ಬಲಕ್ಕೆ ಸುತ್ತಿದರೆ ಸುಮಾತ್ರಾ ಕಡೆಗೆ. ಎಡಕ್ಕೆ ಸುತ್ತಿದರೆ ಒಂದು ಗಂಟೆ, ಎರಡು ಗಂಟೆ, ಎಷ್ಟು ಉದ್ದದ ಗೋಡೆಯೋ. ಗಂಟೆಗೆ 250 ಲೀಟರ್. ಮೇಲೇರಲು ಪೆಟ್ರೋಲ್ ಇನ್ನೂ ಹೆಚ್ಚು ಬೇಕು. ಕ್ಯಾಪ್ಟನ್ ಕೆಳಗೆ ಇಳಿಸುತ್ತಾನೆ. ಮೋಡಕ್ಕೂ ನೀರಿಗೂ ನಡುವೆ ಒಂದು ಸಂದಿ ಇರುತ್ತದೆ ಎಂಬ ನಂಬಿಕೆಯ ಮೇಲೆ.

ಮಳೆ ತಗಡಿಗೆ ಬಡಿಯುತ್ತದೆ. ಎಂಜಿನ್ ಸದ್ದು ಮುಳುಗಿಹೋಗುತ್ತದೆ, ಅದು ಮುಳುಗಬಹುದೆಂದು ನೀವು ಎಣಿಸಿರಲಿಲ್ಲ. ಎಲ್ಲಿಂದಲೋ ನೀರು ಕುತ್ತಿಗೆಗೆ ತೊಟ್ಟಿಕ್ಕುತ್ತದೆ. ಬೀಳುತ್ತೀರಿ. ಏಳುತ್ತೀರಿ. ಮತ್ತೆ ಬೀಳುತ್ತೀರಿ, ಈ ಸಲ ತಲೆ ಛಾವಣಿಗೆ ತಗಲುತ್ತದೆ. ಅಂಚೆಚೀಲ ಕಾಲ ಮೇಲೆ ಬೀಳುತ್ತದೆ. ಯಾರೋ ವಾಂತಿ ಮಾಡುತ್ತಿದ್ದಾರೆ, ಅದು ನೀವೇ. ಪ್ರೊಪೆಲರಿನ ಅಂಚಿನಲ್ಲಿ ನೀಲಿ ಬೆಂಕಿಯ ಬಳೆ ತಿರುಗುತ್ತಿದೆ. ಅದು ಸುಡದ ಬೆಂಕಿ, ಗಾಳಿಯ ವಿದ್ಯುತ್ತು. ಆದರೆ ಪೆಟ್ರೋಲಿನ ವಾಸನೆಯ ನಡುವೆ ಕೂತವರಿಗೆ ಅದನ್ನು ಯಾರು ಒಪ್ಪಿಸುವುದು? ಕೆಳಗೆ, ಮಿಂಚಿನಲ್ಲಿ, ಅಲೆ. ತೀರಾ ಹತ್ತಿರ. ಕ್ಯಾಪ್ಟನ್‌ನ ಎರಡೂ ಕೈ ಚಕ್ರದ ಮೇಲೆ, ಪಕ್ಕದವನದ್ದೂ. ಹಿಡಿ. ಬಿಡು. ಹಿಡಿ. ನೀವು ದೇವರ ಹೆಸರು ಹೇಳುತ್ತಿದ್ದೀರಿ, ಬಾಯಿ ಅಲ್ಲಾಡುವುದು ಗೊತ್ತಾಗುತ್ತದೆ, ದನಿ ಗೊತ್ತಾಗುವುದಿಲ್ಲ.

ಮಳೆ ತೆಳುವಾಗುವ ಹೊತ್ತಿಗೆ ಹತ್ತಿರ ಹತ್ತಿರ ನಾಲ್ಕು ಗಂಟೆ ಕಳೆದಿದೆ. ಮೇಲೆ ಇನ್ನೂ ಮುಚ್ಚಿಕೊಂಡೇ ಇದೆ. ನಾಲ್ಕು ಗಂಟೆ ನಕ್ಷತ್ರವಿಲ್ಲ, ಹೊಗೆಡಬ್ಬಿಯಿಲ್ಲ. ನ್ಯಾವಿಗೇಟರ್ ಒದ್ದೆ ನಕ್ಷೆಯ ಮೇಲೆ ಬಗ್ಗಿ ಕೂತಿದ್ದಾನೆ. ಹಿಂದಿನ ತ್ರಿಕೋನದಿಂದ ಒಂದು ಗೆರೆ ಎಳೆದಿದ್ದಾನೆ, ಅದರ ತುದಿಗೆ ಒಂದು ವೃತ್ತ. ತ್ರಿಕೋನ ಕಡಲೆಕಾಳಿನಷ್ಟಿತ್ತು. ವೃತ್ತ ಬಳೆಯಷ್ಟಿದೆ.

ನಿಮಗೆ ಈಗ ಮುಂಗಾರು ನೆನಪಾಗಬೇಕು. ಎಡ ಪಕ್ಕೆಗೆ ಬೀಸುವ ಆ ಗಾಳಿ ವಿಮಾನವನ್ನು ಬಲಕ್ಕೆ, ಪೂರ್ವಕ್ಕೆ ತಳ್ಳುತ್ತದೆ. ಎಷ್ಟು ತಳ್ಳಿತು? ಸಿಲೋನ್ ದೊಡ್ಡ ದ್ವೀಪ ನಿಜ, ಆದರೆ ಅದರ ಪೂರ್ವಕ್ಕೆ ಜಾರಿಬಿಟ್ಟರೆ ಮುಂದೆ ಬಂಗಾಳ ಕೊಲ್ಲಿ, ಮತ್ತೆ ಬರೀ ನೀರು. ಅದಕ್ಕಾಗಿಯೇ ಅವನು ಮೊದಲಿಂದ ಬೇಕೆಂದೇ ಸ್ವಲ್ಪ ಎಡಕ್ಕೆ ಗುರಿಯಿಟ್ಟಿದ್ದಾನೆ. ನೆಲ ಕಾಣದಿದ್ದರೆ ಬಲಕ್ಕೆ ತಿರುಗಬೇಕು ಎಂದಾದರೂ ಗೊತ್ತಿರಲಿ ಎಂದು. ಆದರೆ ಬಿರುಗಾಳಿ ಆ ಎಡವನ್ನು ತಿಂದುಹಾಕಿದ್ದರೆ? ಆಗ ಬಲಕ್ಕೆ ತಿರುಗುವುದೆಂದರೆ ನೆಲದಿಂದ ದೂರ ಹೋಗುವುದು.

ರಾತ್ರಿ ಮುಗಿಯುವುದಿಲ್ಲ. ಸುಳ್ಳಲ್ಲ, ನಿಜಕ್ಕೂ ಇದು ಉದ್ದದ ರಾತ್ರಿ. ಪಶ್ಚಿಮಕ್ಕೆ ಹೋಗುತ್ತಾ ಬೆಳಗಿನಿಂದ ನೀವೇ ದೂರ ಸರಿಯುತ್ತಿದ್ದೀರಿ. ಪರ್ತ್‌ನ ಸೂರ್ಯನಿಗೂ ಕೊಗ್ಗಲದ ಸೂರ್ಯನಿಗೂ ಎರಡು ಗಂಟೆ ಇಪ್ಪತ್ತು ನಿಮಿಷದ ಅಂತರ. ಮುಳುಗಿದಾಗಿನಿಂದ ಹುಟ್ಟುವ ತನಕ ಹದಿನಾಲ್ಕು ಗಂಟೆಗೆ ಹತ್ತಿರ. ಮೋಡದ ಅಂಚು ಬಿಳಿಚುತ್ತದೆ, ಬೂದಿಯಾಗುತ್ತದೆ, ಆಮೇಲೆ ಬಲಗಡೆ ಹಿಂಬದಿಯಲ್ಲಿ ಒಂದು ಸೀಳು. ಅದರಲ್ಲಿ ಸೂರ್ಯ.

ನೀವು ಅದನ್ನು ಸುಂದರ ಎನ್ನಬೇಕೆಂದಿದ್ದೀರಿ. ನ್ಯಾವಿಗೇಟರ್ ನಿಮ್ಮನ್ನು ಮೊಣಕೈಯಿಂದ ಪಕ್ಕಕ್ಕೆ ತಳ್ಳಿ ಗಾಜಿನ ಗೂಡಿಗೆ ನುಗ್ಗುತ್ತಾನೆ. ಎರಡನೇ ಸೂರ್ಯೋದಯ ಅವನಿಗೆ ನೋಟವಲ್ಲ, ಅಳತೆ. ನೇರ ಪೂರ್ವದ ಹತ್ತಿರ ಹುಟ್ಟುವ ಸೂರ್ಯ ಹೇಳುವುದು ಒಂದೇ ಸಂಗತಿ: ನೀವು ಎಷ್ಟು ಪೂರ್ವದಲ್ಲಿದ್ದೀರಿ, ಎಷ್ಟು ಪಶ್ಚಿಮದಲ್ಲಿ. ಉತ್ತರ ದಕ್ಷಿಣದ ಬಗ್ಗೆ ಅವನು ಏನೂ ಹೇಳುವುದಿಲ್ಲ. ಪರವಾಗಿಲ್ಲ, ಈಗ ಬೇಕಾಗಿರುವುದು ಆ ಒಂದೇ. ದಿಗಂತಕ್ಕೆ ಅಂಟಿದ ಸೂರ್ಯನನ್ನು ಅಳೆದರೆ ಗಾಳಿಯ ವಕ್ರೀಭವನ ಲೆಕ್ಕ ಕೆಡಿಸುತ್ತದೆ. ಆದ್ದರಿಂದ ಕಾಯಬೇಕು. ಸೀಳು ಮುಚ್ಚಿಕೊಂಡರೆ? ಎರಡು ಬೆರಳು. ನಾಲ್ಕು ಬೆರಳು. ಮೋಡ ಸರಿಯುತ್ತಿದೆ. 'ಈಗ!' ಒಳಗಿನವನು ಸೆಕೆಂಡು ಕೂಗುತ್ತಾನೆ. 'ಈಗ!' ಇನ್ನೊಮ್ಮೆ. 'ಈಗ!' ಸೀಳು ಮುಚ್ಚುತ್ತದೆ.

ಪುಸ್ತಕದ ಹಾಳೆ ತಿರುಗುತ್ತದೆ, ಪೆನ್ಸಿಲ್ ಓಡುತ್ತದೆ. ನಿಮ್ಮ ಮೂವರ ಕಣ್ಣೂ ಆ ಕೈ ಮೇಲೆ. ಅವನು ನಕ್ಷೆಯ ಮೇಲಿಂದ ಕೆಳಕ್ಕೆ ಒಂದು ಗೆರೆ ಎಳೆದು, ಅದನ್ನು ನೋಡಿ, ಬೆರಳಿನಿಂದ ಮೂಗು ಉಜ್ಜಿಕೊಳ್ಳುತ್ತಾನೆ. ಗೆರೆ ಬಳೆಯ ಬಲ ಅಂಚಿನಲ್ಲಿದೆ. ಇಟ್ಟ ಎಡವೆಲ್ಲ ಹೋಗಿದೆ. ನೆಲ ಬಲಕ್ಕಿಲ್ಲ, ಎಡಕ್ಕಿದೆ. ಚೀಟಿ ಮುಂದೆ ಹೋಗುತ್ತದೆ. ಕ್ಯಾಪ್ಟನ್ ಒಮ್ಮೆ ಹಿಂತಿರುಗಿ ಹುಡುಗನ ಮುಖ ನೋಡುತ್ತಾನೆ. ಒಂದು ಗೆರೆ, ಅದೂ ಮೂರು ಕ್ಷಣದ ಸೂರ್ಯನಿಂದ ಎಳೆದದ್ದು. ರೆಕ್ಕೆ ಎಡಕ್ಕೆ ಬಾಗುತ್ತದೆ.

ಮುಂದಿನ ಎರಡು ಗಂಟೆಯಲ್ಲಿ ಯಾರೂ ಮಾತಾಡುವುದಿಲ್ಲ. ಗೇಜುಗಳ ಮುಂದೆ ಬೂಟು ಅಲ್ಲಾಡುವುದನ್ನು ನೀವು ಎರಡು ಸಲ ನೋಡುತ್ತೀರಿ. ಮೊದಲು ಕಾಣುವುದು ನೆಲವಲ್ಲ. ಒಂದು ಮೋಡ, ಉಳಿದವೆಲ್ಲ ಓಡುತ್ತಿರುವಾಗ ನಿಂತಲ್ಲೇ ನಿಂತ ಮೋಡ. ಬೆಟ್ಟವಿದ್ದಲ್ಲಿ ಹಾಗೆ ನಿಲ್ಲುತ್ತದೆ. ಆಮೇಲೆ ನೀರಿನ ಬಣ್ಣ ಹಸಿರಾಗುತ್ತದೆ, ಒಂದು ಮೀನುದೋಣಿ, ಅದರಲ್ಲಿ ಇಬ್ಬರು ತಲೆಯೆತ್ತಿ ನೋಡುತ್ತಾರೆ. ಆಮೇಲೆ ತೆಂಗು. ತೆಂಗು. ತೆಂಗು.

ಕೊಗ್ಗಲದ ಹಿನ್ನೀರಿನ ಮೇಲೆ ವಿಮಾನ ಒಮ್ಮೆ ತಟ್ಟಿ, ಎದ್ದು, ಮತ್ತೆ ತಟ್ಟಿ ಕೂರುತ್ತದೆ. ಈಗ ಹಗುರ. ಇಪ್ಪತ್ತೊಂಬತ್ತು ಗಂಟೆ ಚಿಲ್ಲರೆ. ಬಾಗಿಲು ತೆಗೆದಾಗ ಬಿಸಿ ಗಾಳಿ, ಕೊಳೆತ ನಾರಿನ ವಾಸನೆ, ಒಲೆಯ ಹೊಗೆ, ಮೀನು. ಎದ್ದು ನಿಂತರೆ ಕಾಲು ನಿಮ್ಮದಲ್ಲ. ದಡದಲ್ಲಿ ಯಾರೋ ನಗುತ್ತಾ ಏನೋ ಹೇಳುತ್ತಾರೆ, ತುಟಿ ಕಾಣುತ್ತದೆ. ಕಿವಿಯಲ್ಲಿ ಇನ್ನೂ ಎಂಜಿನ್ ಓಡುತ್ತಿದೆ. ಇದು ಕಳೆದ ವರ್ಷದವರೆಗೆ ಜನರಿದ್ದ ಊರು. ನೆಲೆ ಕಟ್ಟಲು ಊರನ್ನು ಎಬ್ಬಿಸಿದರು. ಸಿಂಹಳ ಕಾದಂಬರಿಕಾರ ಮಾರ್ಟಿನ್ ವಿಕ್ರಮಸಿಂಘೆ ಹುಟ್ಟಿದ ಮನೆಯೊಂದು ಹೇಗೋ ಉಳಿದುಕೊಂಡಿದೆ. ನಿಮ್ಮ 5,650 ಕಿಲೋಮೀಟರಿಗೆ ಈ ತುದಿಯಲ್ಲಿ ಬೇರೆ ಯಾರೋ ಬೆಲೆ ಕೊಟ್ಟಿದ್ದಾರೆ.

ಮುಂದೆ ಈ ಹಾದಿಯ ಪ್ರಯಾಣಿಕರಿಗೆ ಒಂದು ಪ್ರಮಾಣಪತ್ರ ಕೊಡುತ್ತಾರೆ, 'ಸೀಕ್ರೆಟ್ ಆರ್ಡರ್ ಆಫ್ ದಿ ಡಬಲ್ ಸನ್‌ರೈಸ್' ಎಂದು, ಒಂದೇ ಹಾರಾಟದಲ್ಲಿ ಇಪ್ಪತ್ನಾಲ್ಕು ಗಂಟೆಗೂ ಹೆಚ್ಚು ಆಕಾಶದಲ್ಲಿದ್ದವರು ಎಂದು. ಒಂದು ಹಾರಾಟ 32 ಗಂಟೆ 9 ನಿಮಿಷ ಹಿಡಿಯುತ್ತದೆ. ಅಷ್ಟು ಹೊತ್ತು ಎಲ್ಲೂ ಇಳಿಯದೆ ಪ್ರಯಾಣಿಕರನ್ನು ಹೊತ್ತ ವಿಮಾನಯಾನ ಆಮೇಲೆ ಬರುವುದಿಲ್ಲ, ಬರುವ ವಿಮಾನಗಳೆಲ್ಲ ಇದಕ್ಕಿಂತ ಬೇಗ. 1945ರ ಜುಲೈವರೆಗೆ ಕ್ಯಾಟಲೀನಾಗಳು ಹೀಗೇ ಓಡಾಡುತ್ತವೆ, ಒಂದೂ ಕಳೆದುಹೋಗುವುದಿಲ್ಲ. ಯುದ್ಧ ಮುಗಿದ ಮೇಲೆ ಅಮೆರಿಕದ ಸಾಲದ ಕರಾರಿನ ಪ್ರಕಾರ ಅವನ್ನು ಸಮುದ್ರಕ್ಕೆ ಒಯ್ದು ಮುಳುಗಿಸುತ್ತಾರೆ.

ಇದೆಲ್ಲ ನಿಮಗೆ ಈಗ ಗೊತ್ತಿಲ್ಲ. ನೀವು ಜೆಟ್ಟಿಯ ಹಲಗೆಯ ಮೇಲೆ ಕೂತು ಬೂಟು ಬಿಚ್ಚುತ್ತಿದ್ದೀರಿ. ಎಂಜಿನಿಯರ್ ಟ್ಯಾಂಕಿಗೆ ಅಳತೆಕೋಲು ಇಳಿಸಿ ತೆಗೆದು ನೋಡಿ, ಕೈಯ ಆರು ಬೆರಳು ತೋರಿಸುತ್ತಾನೆ. ಆರು ಗಂಟೆ ಉಳಿದಿತ್ತು. ಕ್ಯಾಪ್ಟನ್ ಹವಾಮಾನದ ಗುಡಿಸಲಿನಿಂದ ಬಂದು ನ್ಯಾವಿಗೇಟರನಿಗೆ ಕಾಗದ ಕೊಡುತ್ತಾನೆ. ವಾಪಸು ಹೋಗುವಾಗ ಇದೇ ಆಗ್ನೇಯದ ಗಾಳಿ ಎದುರಿಗೆ. ದೂರ ಅದೇ.

'ಮೂವತ್ತೊಂದು ಅಂದುಕೊಳ್ಳಿ,' ಅನ್ನುತ್ತಾನೆ ಹುಡುಗ, ಕಾಗದವನ್ನು ಮಡಚುತ್ತಾ. ಆಮೇಲೆ ಅಡುಗೆಯವನ ಕಡೆ ತಿರುಗಿ, ನಿಮಗೂ ಅರೆಬರೆ ಕೇಳುವಷ್ಟು ಗಟ್ಟಿಯಾಗಿ, ಮೊಟ್ಟೆ ಇದೆಯೇ ಎಂದು ಕೇಳುತ್ತಾನೆ.